ಗೋಣಿಕೊಪ್ಪ ಬಸ್ ಸ್ಟ್ಯಾಂಡ್ ಹಿಂದಿನ ಅಕ್ಕನ ಹೋಟೆಲು: ಊಟ, ಕಾಫಿ, ಚಿಲ್ಲರೆ

ಮೊದಲೇ ಹೇಳಿಬಿಡುತ್ತೇನೆ, ಈ ಹೋಟೆಲಿಗೆ ಬೋರ್ಡ್ ಇಲ್ಲ. ಹಿಂದೆ ಇತ್ತಂತೆ. ಯಾವುದೋ ಮಳೆಗಾಲದಲ್ಲಿ ಗಾಳಿಗೆ ಹಾರಿಹೋಯಿತಂತೆ. ಅಕ್ಕ ಮತ್ತೆ ಬರೆಸಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನೀಲಿ ಟಾರ್ಪಾಲು ಕಟ್ಟಿದ ಶೀಟಿನ ಕಟ್ಟಡ ಕಾಣುತ್ತದೆ, ಅದೇ. ಯಾರನ್ನು ಕೇಳಿದರೂ "ಅಕ್ಕನ ಹೋಟೆಲಾ?" ಎಂದು ಕೈ ತೋರಿಸುತ್ತಾರೆ.

ನಾನು ಪ್ರೈವೇಟ್ ಬಸ್ಸಿನ ಕಂಡಕ್ಟರ್. ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ ರೂಟು. ಹನ್ನೊಂದು ವರ್ಷದಿಂದ ಬೆಳಗಿನ ತಿಂಡಿಯೂ ಇಲ್ಲೇ, ಮಧ್ಯಾಹ್ನದ ಊಟವೂ ಇಲ್ಲೇ. ಹಾಗಾಗಿ ಒಂದು ದಿನ ಬಂದು ಫೋಟೋ ತೆಗೆದು ಹೋಗುವವರ ರಿವ್ಯೂ ಅಲ್ಲ ಇದು. ಅಕ್ಕನಿಗೆ ನಾನು ಬರೆಯುತ್ತಿರುವುದು ಗೊತ್ತಿಲ್ಲ. ಗೊತ್ತಾದರೆ ಬೈಯುತ್ತಾರೆ.

ಊಟದ ವಿಷಯ ಮೊದಲು. ಬೆಳಗ್ಗೆ ಆರಕ್ಕೆ ಅಕ್ಕಿ ರೊಟ್ಟಿ ಶುರು. ಅನ್ನ ಬೆರೆಸಿ ನಾದಿದ ಹಿಟ್ಟು, ಕೈಯಲ್ಲಿ ಎರಡು ತುಂಡು ಮಾಡಿದರೆ ಹತ್ತಿಯ ಹಾಗೆ ಬಿಡುತ್ತದೆ. ಜೊತೆಗೆ ಎಳ್ಳಿನ ಚಟ್ನಿ. ಇದು ಹತ್ತಕ್ಕೆ ಹತ್ತು. ನೂಪುಟ್ಟು, ಅಂದರೆ ಒತ್ತು ಶಾವಿಗೆ, ವಾರಕ್ಕೆ ಎರಡು ದಿನ, ಅದೂ ಎಂಟು ಗಂಟೆಯೊಳಗೆ ಖಾಲಿ. ಸಂತೆ ದಿನ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮತ್ತು ಪಂದಿ ಕರಿ (ಹಂದಿ ಮಾಂಸದ ಸಾರು). ಕಾಚಂಪುಳಿ ಎಂಬ ಕಪ್ಪು ಹುಳಿ ರಸ ಹಾಕುವುದರಲ್ಲಿ ಅಕ್ಕ ಜಿಪುಣತನ ಮಾಡುವುದಿಲ್ಲ. ಕರಿಯ ಬಣ್ಣ ನೋಡಿದರೇ ಗೊತ್ತಾಗುತ್ತದೆ. ಮಳೆ ಹಿಡಿದ ಮೇಲೆ ಕಣಿಲೆ (ಎಳೆ ಬಿದಿರು) ಸಾರು ಇರುತ್ತದೆ, ಬಿಡಬೇಡಿ. ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ಪಾಯಸ ಮಾಡಿ ಬಂದವರಿಗೆಲ್ಲ ಒಂದೊಂದು ಲೋಟ ಕೊಡುತ್ತಾರೆ, ಅದಕ್ಕೆ ಬಿಲ್ ಇಲ್ಲ. ಹೊಸಬರು ಮಾರನೆಯ ದಿನ ಮೂತ್ರ ಕೆಂಪಾಯಿತು ಎಂದು ಗಾಬರಿ ಬೀಳಬೇಡಿ. ಆ ಸೊಪ್ಪಿನ ಗುಣವೇ ಅದು.

ಮಧ್ಯಾಹ್ನದ ಊಟ 70 ರೂಪಾಯಿ. ಅನ್ನ, ಸಾಂಬಾರು, ಒಂದು ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ. ಸಾಂಬಾರಿನ ಬಗ್ಗೆ ನನಗೆ ತಕರಾರು ಇದೆ. ಎರಡು ಗಂಟೆಯ ತನಕ ಚೆನ್ನಾಗಿರುತ್ತದೆ. ಆಮೇಲೆ ಜನ ಜಾಸ್ತಿ ಆದ ಹಾಗೆ ನೀರೂ ಜಾಸ್ತಿ ಆಗುತ್ತದೆ. ಹಾಲಿನ ಕಾಫಿಗೂ ಮಾರ್ಕು ಕಡಿಮೆ. ಸುತ್ತಲೂ ಕಾಫಿ ತೋಟ ಇಟ್ಟುಕೊಂಡು ಇಷ್ಟು ಚಿಕೋರಿ ಯಾಕೆ ಹಾಕಬೇಕೋ ಗೊತ್ತಿಲ್ಲ. ಬೆಲ್ಲದ ಕಾಫಿ ಕೇಳಿ, ಹತ್ತು ರೂಪಾಯಿ. ಮಳೆಯಲ್ಲಿ ನೆಂದು ಬಂದವನಿಗೆ ಅದಕ್ಕಿಂತ ಬೇರೆ ಏನೂ ಬೇಡ.

ಈಗ ಮೂರು ಗಂಟೆಯ ವಿಷಯಕ್ಕೆ ಬರುತ್ತೇನೆ. ಈ ರಿವ್ಯೂ ಬರೆಯಲು ಕೂತಿದ್ದೇ ಅದಕ್ಕೆ.

ಮೂರು ಗಂಟೆಗೆ ಈ ಹೋಟೆಲಿಗೆ ಇನ್ನೊಂದು ಬ್ಯಾಚ್ ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಬೇಡುವವರು, ಅಂಗಡಿ ಜಗಲಿಯಲ್ಲಿ ಮಲಗುವವರು, ಪ್ಲಾಸ್ಟಿಕ್ ಹೆಕ್ಕುವವರು. ದಿನಕ್ಕೆ ಆರೇಳು ಜನ, ಸಂತೆ ದಿನ ಹತ್ತು ದಾಟುತ್ತದೆ. ಹಿಂಬಾಗಿಲಿನಿಂದ ಅಲ್ಲ, ಮುಂದಿನಿಂದಲೇ ಬರುತ್ತಾರೆ. ನಾವು ಕೂರುವ ಬೆಂಚಿನ ಮೇಲೇ ಕೂರುತ್ತಾರೆ. ಅದೇ ಸ್ಟೀಲ್ ತಟ್ಟೆ, ಅದೇ ಊಟ. ಆದರೆ ಫ್ರೀ ಅಲ್ಲ. 20 ರೂಪಾಯಿ.

ನಾನೂ ಮೊದಲು ಇದನ್ನು ಜಿಪುಣತನ ಎಂದೇ ಅಂದುಕೊಂಡಿದ್ದೆ. ಉಳಿದ ಅನ್ನ, ಹೇಗೂ ಚೆಲ್ಲುವುದು, ಅದಕ್ಕೂ ಬೇಡುವವರ ಹತ್ತಿರ ದುಡ್ಡು ಕೀಳುವುದಾ ಎಂದು. ಒಂದು ದಿನ ಕೇಳಿಯೇಬಿಟ್ಟೆ. "ಸುಮ್ನೆ ಕೊಡಬಾರ್ದಾ ಅಕ್ಕ? ಪುಣ್ಯ ಬರ್ತದೆ."

ಅಕ್ಕ ಬಿಲ್ಲಿನಿಂದ ತಲೆ ಎತ್ತಲಿಲ್ಲ. "ಸುಮ್ನೆ ಕೊಟ್ರೆ ಏನ್ ಹಾಕಿದ್ರೂ ತಿಂದ್ಕೊಂಡು ಹೋಗ್ಬೇಕು ಅವ್ರು. ದುಡ್ಡು ಕೊಟ್ಟವ್ನು ಉಪ್ಪು ಜಾಸ್ತಿ ಅಂತ ಬೈಬಹುದು."

ನಿಜವಾಗಿಯೂ ಬೈಯುತ್ತಾರೆ. ನಾನು ಕೇಳಿದ್ದೇನೆ. ಇಲ್ಲಿಗೆ ಬರುವ ಒಬ್ಬ ಅಜ್ಜ ಇದ್ದಾನೆ. ಬಿಸಿಲಿರಲಿ ಮಳೆಯಿರಲಿ, ಕಡ್ಡಿ ಮುರಿದ ಕರಿ ಕೊಡೆ ಕಂಕುಳಲ್ಲಿ. ಎಲ್ಲರೂ ಕೊಡೆ ಅಜ್ಜ ಎನ್ನುತ್ತಾರೆ. ಸಾಂಬಾರಿಗೆ ನೀರು ಹಾಕುವುದನ್ನು ಈ ಹೋಟೆಲಿನಲ್ಲಿ ಬಾಯಿಬಿಟ್ಟು ಹೇಳುವವನು ಅವನೊಬ್ಬನೇ. "ಇದೇನು ಹಾರಂಗಿ ಡ್ಯಾಮಿಂದು ತಂದಿದ್ದಾ?" ಎಂದು ಕೂಗುತ್ತಾನೆ. ಅಕ್ಕ "ತಿಂದ್ರೆ ತಿನ್ನು, ಇಲ್ಲಾಂದ್ರೆ ಏಳು" ಎನ್ನುತ್ತಾರೆ. ಮಾರನೆಯ ದಿನ ಸಾಂಬಾರು ಸ್ವಲ್ಪ ದಪ್ಪ ಇರುತ್ತದೆ. ನಾನು 70 ರೂಪಾಯಿ ಕೊಟ್ಟು ಹನ್ನೊಂದು ವರ್ಷ ಬಾಯಿ ಮುಚ್ಚಿ ತಿಂದಿದ್ದೇನೆ.

ಈ ಅಜ್ಜನನ್ನು ನಾನು ಮೊದಲು ನೋಡಿದ್ದು ಹೋಟೆಲಿನಲ್ಲಿ ಅಲ್ಲ. ನನ್ನ ಬಸ್ಸಿನಲ್ಲಿ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚನೆ ಮಾಡಿದೆ.

ಜುಲೈ ತಿಂಗಳು, ಸಂಜೆ ಟ್ರಿಪ್. ವಿರಾಜಪೇಟೆಯಲ್ಲಿ ಹತ್ತಿದ. ಮೈಯೆಲ್ಲ ಒದ್ದೆ, ಹೆಗಲಲ್ಲಿ ಗೋಣಿಚೀಲ, ಆ ಚೀಲದಿಂದ ನೀರು ಸೋರುತ್ತಿತ್ತು. ಬಾಗಿಲ ಪಕ್ಕದ ಸೀಟಿನಲ್ಲಿ ಕೂತ. ಎರಡು ನಿಮಿಷಕ್ಕೆ ಹಿಂದಿನ ಸೀಟಿನವರು ಮೂಗು ಮುಚ್ಚಿಕೊಂಡರು. ಒಬ್ಬರು "ಕಂಡಕ್ಟರೇ, ಇವರನ್ನೆಲ್ಲ ಹತ್ತಿಸ್ತೀರಾ?" ಎಂದರು. ಇನ್ನೊಬ್ಬರು ಮಾಲೀಕರಿಗೆ ಫೋನ್ ಮಾಡುತ್ತೇನೆ ಎಂದರು. ನಾನು ಅಜ್ಜನ ಹತ್ತಿರ ಹೋದೆ. ಅವನು ಅಂಗೈ ಬಿಚ್ಚಿ ಚಾಚಿದ. ಅದರ ತುಂಬ ನಾಣ್ಯ. ಒಂದು ರೂಪಾಯಿ, ಎರಡು ರೂಪಾಯಿ, ಎಲ್ಲ ಒದ್ದೆ. ನಾನು ಎಣಿಸಲಿಲ್ಲ. ಸೀಟಿ ಊದಿದೆ. ಬಿಟ್ಟಂಗಾಲದ ಹತ್ತಿರ ಇಳಿಸಿದೆ. ಮಳೆ ಹೇಗಿತ್ತು ಎಂದರೆ ಬಸ್ಸು ಹೊರಟ ಮೇಲೆ ಹಿಂದಿನ ಗಾಜಿನಲ್ಲಿ ಏನೂ ಕಾಣಲಿಲ್ಲ.

ಟಿಕೆಟ್ಟಿಗೆ ದುಡ್ಡು ಇತ್ತು ಅವನ ಹತ್ತಿರ. ಅಷ್ಟೂ ಇತ್ತು. ನನ್ನ ಕೆಲಸ ಎಣಿಸುವುದು.

ಮಾರನೆಯ ದಿನ ಮಡಿಕೇರಿ ಟ್ರಿಪ್ ಲೇಟಾಗಿ ಅಕ್ಕನ ಹೋಟೆಲಿಗೆ ಬರುವಾಗ ಮೂರೂಕಾಲು. ಖಾಲಿ ಇದ್ದದ್ದು ಒಂದೇ ಜಾಗ, ಮೂಲೆ ಬೆಂಚು. ಎದುರಿಗೆ ಅದೇ ಅಜ್ಜ. ಅಷ್ಟು ವರ್ಷದಿಂದ ಅವನು ಅಲ್ಲೇ ಉಣ್ಣುತ್ತಿದ್ದನಂತೆ, ನಾನು ಮೂರಕ್ಕೆ ಮೊದಲೇ ಎದ್ದು ಹೋಗುತ್ತಿದ್ದೆ, ನೋಡಿರಲಿಲ್ಲ. ನನ್ನ ಖಾಕಿ ಅಂಗಿ ನೋಡಿದ. ನನಗೆ ಅನ್ನ ಗಂಟಲಲ್ಲಿ ನಿಂತಿತು. ಅವನು ಸೊಂಟದಿಂದ ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲೆ ಇಟ್ಟ. "ಚಿಲ್ಲರೆ ಬೇಕಾ ಕಂಡಕ್ಟರೇ?" ಎಂದ. ಗುರುತು ಹಿಡಿದನೋ ಇಲ್ಲವೋ ಇವತ್ತಿನ ತನಕ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಬಂದಿಲ್ಲ.

ಚಿಲ್ಲರೆ ಬೇಕಿತ್ತು. ಯಾವ ಕಂಡಕ್ಟರಿಗೆ ಬೇಡ ಹೇಳಿ. ಬೆಳಗ್ಗೆ ಮೊದಲ ಟ್ರಿಪ್ಪಿಗೆ ಹತ್ತಿದವರೆಲ್ಲ ಇನ್ನೂರು, ಐನೂರರ ನೋಟು ಹಿಡಿದಿರುತ್ತಾರೆ. ಫೋನಿನಲ್ಲಿ ಹಾಕುತ್ತೇನೆ ಎಂದರೆ ತೋಟದ ಮಧ್ಯೆ ನೆಟ್‌ವರ್ಕ್ ಇಲ್ಲ. ಚಿಲ್ಲರೆಗಾಗಿ ಆಗುವಷ್ಟು ಜಗಳ ಸೀಟಿಗೂ ಆಗುವುದಿಲ್ಲ. ಅಕ್ಕನ ಕೌಂಟರಿನಲ್ಲಿ ಹಳೆಯ ಹಾರ್ಲಿಕ್ಸ್ ಡಬ್ಬ ಇದೆ. ಮೂರು ಗಂಟೆ ಬ್ಯಾಚಿನವರು ತಮ್ಮ ನಾಣ್ಯವನ್ನೆಲ್ಲ ಅಲ್ಲಿ ಕೊಟ್ಟು ನೋಟು ತಗೊಳ್ಳುತ್ತಾರೆ. ನೂರು ರೂಪಾಯಿಯ ಚಿಲ್ಲರೆ ತಂದವರಿಗೆ ನೂರರ ನೋಟು, ಮೇಲೆ ಒಂದು ಬೆಲ್ಲದ ಕಾಫಿ. ಮಾರನೆಯ ದಿನ ಬೆಳಗ್ಗೆ ಆ ಡಬ್ಬ ನಮ್ಮ ಕೈಗೆ. ಬಸ್ ಸ್ಟ್ಯಾಂಡಿನ ಅರ್ಧ ಕಂಡಕ್ಟರುಗಳು ಇಲ್ಲಿ ತಿಂಡಿ ತಿನ್ನುವುದು ರೊಟ್ಟಿಗೆ ಮಾತ್ರ ಅಲ್ಲ.

ಈಗ ಆ ಡಬ್ಬವೂ ಬೇಗ ತುಂಬುವುದಿಲ್ಲ. ಎಲ್ಲರದ್ದೂ ಸ್ಕ್ಯಾನ್. "ಚಿಲ್ಲರೆ ಇಲ್ಲ, ಮುಂದೆ ಹೋಗು" ಎನ್ನುವುದು ಮೊದಲು ನೆಪ ಆಗಿತ್ತು, ಈಗ ನಿಜ ಆಗಿದೆ. ಹತ್ತು ರೂಪಾಯಿ ನಾಣ್ಯದ್ದು ಬೇರೆ ಕಥೆ. ಅದು ಚಲಾವಣೆಯಲ್ಲಿದೆ ಎಂದು ರಿಸರ್ವ್ ಬ್ಯಾಂಕೇ ಹೇಳಿದರೂ ನಮ್ಮ ಕಡೆ ಎಷ್ಟೋ ಅಂಗಡಿಯವರು ತಗೊಳ್ಳುತ್ತಿರಲಿಲ್ಲ. ಒಂದು ಸಲ ಪ್ರವಾಸಿಗರೊಬ್ಬರು ಕೊಡೆ ಅಜ್ಜನಿಗೆ ಅಂಥದ್ದೇ ನಾಣ್ಯ ಹಾಕಿದರು. ಅಜ್ಜ ತಿರುಗಿಸಿ ನೋಡಿ ವಾಪಸ್ ಕೊಟ್ಟ. "ಇದು ಓಡಲ್ಲ ಸ್ವಾಮಿ." ಅವರ ಮುಖ ನೋಡಬೇಕಿತ್ತು.

"ನಾವು ಭಿಕ್ಷುಕರಿಗೆ ಕೊಡುವುದಿಲ್ಲ, ಸೋಮಾರಿತನಕ್ಕೆ ಪ್ರೋತ್ಸಾಹ ಆಗ್ತದೆ" ಎನ್ನುವವರು ದಿನಾ ಬಸ್ಸಿನಲ್ಲಿ ಸಿಗುತ್ತಾರೆ. ನಾನೂ ಹೇಳುತ್ತಿದ್ದೆ. ಅಂಥ ಒಬ್ಬರು ಒಂದು ದಿನ ಅಕ್ಕನ ಕೌಂಟರಿನಲ್ಲಿ ಇದನ್ನೇ ಹೇಳಿದರು. ಅಕ್ಕ ಮೊಳೆಗೆ ಚುಚ್ಚಿಟ್ಟಿದ್ದ ಕಟ್ಟಡದ ತೆರಿಗೆ ರಸೀದಿ ಕಿತ್ತು ತೋರಿಸಿದರು. ಆರೋಗ್ಯ, ಶಿಕ್ಷಣ, ಗ್ರಂಥಾಲಯ ಎಂದು ಕರ ಬರೆದಿರುತ್ತದಲ್ಲ, ಅದರ ಸಾಲಿನಲ್ಲೇ ಭಿಕ್ಷುಕರ ಕರ ಎಂದೂ ಇದೆ. ತೆರಿಗೆಯ ಮೇಲೆ ಶೇಕಡಾ 3. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ, ಅದರ ಪ್ರಕಾರ ಬೇಡುವುದು ತಪ್ಪು. ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸಬಹುದು. ಆ ಕೇಂದ್ರಗಳ ಖರ್ಚಿಗೆ ಈ ದುಡ್ಡು. ಬೆಂಗಳೂರಿನ ಕೇಂದ್ರದಲ್ಲಿ 2010ರಲ್ಲಿ ಸಾಲು ಸಾಲು ಜನ ಸತ್ತದ್ದು ಪೇಪರಿನಲ್ಲಿ ಓದಿದ್ದು ನಿಮಗೂ ನೆನಪಿರಬಹುದು. "ನೀವು ವರ್ಷವರ್ಷ ಕೊಡ್ತಾನೇ ಇದ್ದೀರಿ ಸರ್, ನಿಮ್ಗೆ ಗೊತ್ತಿಲ್ಲ ಅಷ್ಟೇ" ಎಂದರು ಅಕ್ಕ. ಆ ಸರ್ ಕಾಫಿ ಕುಡಿದು ಹೋದರು. ಮತ್ತೆ ಬಂದದ್ದು ನೋಡಿಲ್ಲ.

ನಮ್ಮ ಕೊಡಗಿನಲ್ಲಿ ಮನೆ ಇಲ್ಲದವರು ಎಂದರೆ ಜಗಲಿಯಲ್ಲಿ ಮಲಗಿದವರು ಮಾತ್ರ ಅಲ್ಲ ಎಂಬುದೂ ನನಗೆ ಈ ಬೆಂಚಿನಲ್ಲೇ ತಿಳಿದದ್ದು. ಕೊಡೆ ಅಜ್ಜ ತೋಟದಲ್ಲಿ ಕರಿಮೆಣಸು ಕುಯ್ಯುತ್ತಿದ್ದವನು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದ, ಪಾದ ಸೊಟ್ಟ ಆಯಿತು. ಮಾಲೀಕರು ಆಸ್ಪತ್ರೆ ಖರ್ಚು ನೋಡಿದರಂತೆ, ಆರು ತಿಂಗಳು ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳಿಗೆ ಕೊಡುವ ಸಾಲು ಮನೆಯಲ್ಲಿ, ಇರಲೂ ಬಿಟ್ಟರಂತೆ. ಆಮೇಲೆ ಆ ಮನೆ ಮುಂದಿನ ಆಳಿಗೆ ಬೇಕಾಯಿತು. ಲೈನ್ ಮನೆ ಕೆಲಸದ ಜೊತೆ ಬರುತ್ತದೆ, ಕೆಲಸದ ಜೊತೆ ಹೋಗುತ್ತದೆ. 2016ರಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತುಹಾಕಿದಾಗ ಇಡೀ ರಾಜ್ಯ ಮಾತಾಡಿತಲ್ಲ, ಅಲ್ಲೂ ಎಷ್ಟೋ ಜನ ಲೈನ್ ಮನೆಯಿಂದ ಹೊರಬಂದು ಗುಡಿಸಲು ಹಾಕಿಕೊಂಡವರೇ. ಅಜ್ಜನಿಗೆ ವಿಳಾಸವೇ ಇಲ್ಲ. ಮೂರು ಗಂಟೆ ಬ್ಯಾಚಿನಲ್ಲೇ ಒಬ್ಬ ಅಮ್ಮ ಇದ್ದಾಳೆ, ಅವಳಿಗೆ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಫ್ರೀ ಟಿಕೆಟ್ ಕೂಡ ಸಿಗುವುದಿಲ್ಲ. ತೋರಿಸಲು ಗುರುತಿನ ಚೀಟಿ ಬೇಕು. ನಮ್ಮ ಪ್ರೈವೇಟ್ ಬಸ್ಸಿಗೆ ದುಡ್ಡು ಕೊಟ್ಟು ಬರುತ್ತಾಳೆ. ಈಗ ನಮ್ಮ ಬಸ್ಸಿಗೆ ತಪ್ಪದೇ ಬರುವ ಕೆಲವೇ ಹೆಂಗಸರಲ್ಲಿ ಅವಳೂ ಒಬ್ಬಳು. ನಗಬೇಡಿ.

ಮೇ ತಿಂಗಳಲ್ಲಿ ಗೋಣಿಕೊಪ್ಪಕ್ಕೆ ಬಂದರೆ ಇನ್ನೊಂದು ತಮಾಷೆ ನೋಡಬಹುದು. ದೇವರಪುರದ ಕುಂಡೆ ಹಬ್ಬ. ಜೇನು ಕುರುಬರು, ಯರವರು ಗಂಡಸರು ಸೀರೆ ಉಟ್ಟು, ಬಣ್ಣ ಬಳಿದು, ಡಬ್ಬ ಬಡಿದುಕೊಂಡು ರಸ್ತೆಗೆ ಇಳಿಯುತ್ತಾರೆ. ಬಸ್ಸು ಅಡ್ಡ ಹಾಕುತ್ತಾರೆ. ಬೈಗುಳ ಎಂದರೆ ಬೈಗುಳ, ಇಲ್ಲಿ ಬರೆಯಲು ಆಗುವುದಿಲ್ಲ. ದೇವರನ್ನೂ ಬಿಡುವುದಿಲ್ಲ. ಬೇಟೆಗೆ ಎಂದು ಕರೆದುಕೊಂಡು ಹೋದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಿನಲ್ಲೇ ಬಿಟ್ಟ ಎಂಬುದು ಅವರ ಸಿಟ್ಟು. ಬೈಸಿಕೊಂಡವರು ನಗುನಗುತ್ತಾ ಇಪ್ಪತ್ತು, ಐವತ್ತು ಕೊಡುತ್ತಾರೆ. ನನ್ನ ಬಸ್ಸಿನಲ್ಲಿ ಅಜ್ಜನನ್ನು ಇಳಿಸಲು ಹೇಳಿದವರಲ್ಲಿ ಒಬ್ಬರು ಕಿಟಕಿಯಿಂದ ಕೈ ಚಾಚಿ ನೂರು ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಅಕ್ಕನಿಗೆ ಹೇಳಿದೆ. "ಅವ್ರು ಬೇಡೋದಲ್ಲ, ವಸೂಲಿ ಮಾಡೋದು" ಎಂದರು.

2018ರ ಆಗಸ್ಟಿನ ಮಾತೂ ಆ ದಿನ ಬಂತು. ಗುಡ್ಡ ಜಾರಿ ಮಡಿಕೇರಿ ಕಡೆ ರಸ್ತೆಗಳೆಲ್ಲ ಕಡಿದು ಹೋದವು. ನಮ್ಮ ಬಸ್ಸು ನಿಂತಿತು. ಮನೆ ಕಳೆದುಕೊಂಡವರು ಪರಿಹಾರ ಕೇಂದ್ರದಲ್ಲಿ ಇದ್ದರು. ಊರೂರಿಂದ ಲಾರಿಗಟ್ಟಲೆ ಅಕ್ಕಿ, ಬಟ್ಟೆ, ಬಿಸ್ಕತ್ತು ಬಂತು. ನಾನೂ ಮೂಟೆ ಇಳಿಸಿದೆ. ಸಂತ್ರಸ್ತರು ಎನ್ನುತ್ತಿದ್ದೆವು ಅವರನ್ನು. "ಕೊಟ್ರೆ ಕುಡಿಯೋಕೆ ಹೋಗ್ತಾರೆ" ಎಂದು ಒಬ್ಬರೂ ಹೇಳಿದ್ದು ನಾನು ಕೇಳಲಿಲ್ಲ. ಅಜ್ಜನಿಗೆ ಎರಡು ರೂಪಾಯಿ ಹಾಕುವಾಗ ಮಾತ್ರ ಆ ಪ್ರಶ್ನೆ ಬರುತ್ತದೆ.

ಕುಡಿಯುತ್ತಾರಾ ಎಂದರೆ, ಕೆಲವರು ಕುಡಿಯುತ್ತಾರೆ. ಮೂರು ಗಂಟೆ ಬ್ಯಾಚಿನವರೆಲ್ಲ ಸಾಧುಗಳು ಎಂದು ನಾನು ಹೇಳುವುದಿಲ್ಲ. ಒಬ್ಬ ಅಕ್ಕನ ಸ್ಟೀಲ್ ಲೋಟ ನಾಲ್ಕು ಎತ್ತಿಕೊಂಡು ಹೋಗಿ ಗುಜರಿಗೆ ಹಾಕಿದ. ಇನ್ನೊಬ್ಬ ಕಾಲಿಗೆ ಬ್ಯಾಂಡೇಜ್ ಸುತ್ತಿ ಕುಂಟುತ್ತಿದ್ದವನು, ಮಳೆ ಬಂದಾಗ ನಮ್ಮ ಡ್ರೈವರಿಗಿಂತ ಜೋರಾಗಿ ಓಡಿದ. ಅಕ್ಕನ ನಿಯಮ ಮೂರು. ಕುಡಿದು ಬಂದರೆ ಬೆಂಚಿಲ್ಲ. ಮೇಜಿನ ಹತ್ತಿರ ಬಂದು ಗಿರಾಕಿಗಳನ್ನು ಬೇಡುವ ಹಾಗಿಲ್ಲ. ಒಳಗೆ ಬರುವ ಮೊದಲು ಹಿತ್ತಲ ನಲ್ಲಿಯಲ್ಲಿ ಕೈಕಾಲು ತೊಳೆಯಬೇಕು, ಅಲ್ಲಿ ಸೋಪು ಕಟ್ಟಿಟ್ಟಿದ್ದಾರೆ. ಈ ನಿಯಮ ಎಲ್ಲರಿಗೂ. ನಮ್ಮದೇ ಡ್ರೈವರ್ ಒಮ್ಮೆ ಮದುವೆ ಮನೆಯಿಂದ ಸ್ವಲ್ಪ ಹಾಕಿಕೊಂಡು ಬಂದಿದ್ದ, ಡ್ಯೂಟಿ ಇರಲಿಲ್ಲ ಬಿಡಿ, ಅವನನ್ನೂ ಎಬ್ಬಿಸಿದರು. ಮಕ್ಕಳನ್ನು ಬೇಡಲು ಕಳಿಸುವವರನ್ನು ಕಂಡರೆ ಅಕ್ಕನಿಗೆ ಆಗುವುದಿಲ್ಲ. ಮಗುವಿಗೆ ತಿನ್ನಲು ಕೊಡುತ್ತಾರೆ, ಕಾಸು ಕೊಡುವುದಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಾರೆ. ಕೌಂಟರಿನ ಗೋಡೆ ಮೇಲೆ ಆ ನಂಬರನ್ನು ಗ್ಯಾಸ್ ಏಜೆನ್ಸಿ ನಂಬರಿನ ಕೆಳಗೆ ಇದ್ದಿಲಲ್ಲಿ ಬರೆದಿದ್ದಾರೆ.

ವಾಸನೆ ಇರುತ್ತದಾ? ಇರುತ್ತದೆ. ಮಳೆಗಾಲದಲ್ಲಿ ಜಾಸ್ತಿ. ಒದ್ದೆ ಕಂಬಳಿ, ಬೀಡಿ, ಬೆವರು. ಇಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಶನಿವಾರ ಕಾರಿನಲ್ಲಿ ಬಂದ ಕುಟುಂಬ ಮೂರೂಹತ್ತಕ್ಕೆ ಒಳಗೆ ಬಂದು, ಒಂದು ನಿಮಿಷ ನಿಂತು, ಹಾಗೇ ಹೊರಗೆ ಹೋಯಿತು. ಅವರನ್ನು ನಾನು ಬೈಯುವುದಿಲ್ಲ. ಬಿಟ್ಟಂಗಾಲದಲ್ಲಿ ಸೀಟಿ ಊದಿದವನು ನಾನು. ನಿಮಗೆ ಆಗುವುದಿಲ್ಲ ಎಂದರೆ ಎರಡು ಗಂಟೆಯೊಳಗೆ ಬಂದು ಹೋಗಿ, ಸಾಂಬಾರೂ ಆಗಲೇ ಚೆನ್ನಾಗಿರುತ್ತದೆ. ಹೆದ್ದಾರಿ ಬದಿಯ ಇನ್ನೊಂದು ಹೋಟೆಲಿನಲ್ಲಿ, ಹೆಸರು ಬೇಡ, ಮೆಟ್ಟಿಲ ಮೇಲೆ ಯಾರೂ ಕೂರಬಾರದು ಎಂದು ಗಂಟೆಗೊಂದು ಸಲ ನೀರು ಚೆಲ್ಲುತ್ತಾರೆ. ಅಲ್ಲಿ ವಾಸನೆ ಇಲ್ಲ. ಕಾಫಿ 60 ರೂಪಾಯಿ.

ಬಾಕಿ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಟಾಯ್ಲೆಟ್ ಇಲ್ಲ, ಬಸ್ ಸ್ಟ್ಯಾಂಡಿನದ್ದಕ್ಕೇ ಹೋಗಬೇಕು. ಕಾರು ನಿಲ್ಲಿಸಲು ಜಾಗ ಇಲ್ಲ. ಟಾರ್ಪಾಲಿನ ಕೆಳಗೆ ಎಡಗಡೆ ಮೂರನೇ ಬೆಂಚಿನಲ್ಲಿ ಕೂತರೆ ತಲೆಯ ಮೇಲೆ ಹನಿ ಬೀಳುತ್ತದೆ. ಅಕ್ಕ ವಿನಯದಿಂದ ಮಾತಾಡುವುದಿಲ್ಲ, ಯಾರ ಹತ್ತಿರವೂ. ವಿಶು ದಿನ, ಪುತ್ತರಿ ದಿನ ರಜೆ. ಪಂದಿ ಕರಿ ಸಂತೆ ದಿನ ಒಂದು ಗಂಟೆಯೊಳಗೆ ಮುಗಿಯುತ್ತದೆ, ಫೋನ್ ಮಾಡಿ ಎತ್ತಿಡಿಸುವ ಪದ್ಧತಿ ಇಲ್ಲ.

ನಾನು ಈಗ ಊಟಕ್ಕೆ ಹೋಗುವುದು ಮೂರೂಕಾಲಿಗೇ. ಟ್ರಿಪ್ ಬೇಗ ಮುಗಿದರೂ ಕಾಯುತ್ತೇನೆ. ಹೋದ ವಾರ ಬೀನ್ಸ್ ಪಲ್ಯ. ಕೊಡೆ ಅಜ್ಜ ಒಂದು ತುತ್ತು ತಿಂದು ನನ್ನ ಕಡೆ ನೋಡಿದ. "ಬೆಂದಿಲ್ಲ ಅಲ್ವಾ?" ಎಂದ. ಬೆಂದಿರಲಿಲ್ಲ. ನಾನೂ ಹೌದು ಎಂದೆ, ಸ್ವಲ್ಪ ಜೋರಾಗಿಯೇ. ಅಕ್ಕ ಇಬ್ಬರನ್ನೂ ಸೇರಿಸಿ ಬೈದರು.

ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಅರ್ಧ ಸ್ಟಾರ್ ಕಳೆದದ್ದು ಸಾಂಬಾರಿಗೆ. ಚಿಕೋರಿಗೆ ಕಳೆಯಬೇಕಿತ್ತು, ಬಿಟ್ಟಿದ್ದೇನೆ. ಬೆಳಗ್ಗೆ ಬರುವುದಾದರೆ ಆರೂಕಾಲರೊಳಗೆ ಬನ್ನಿ, ರೊಟ್ಟಿ ಬಿಸಿ ಇರುತ್ತದೆ. ಓಣಿಯ ಬಾಯಲ್ಲಿ ನಿಂತಿರುವುದು ನನ್ನ ಬಸ್ಸೇ. ಐನೂರರ ನೋಟು ಮಾತ್ರ ತರಬೇಡಿ.